ತಲೆಗೆ ಹುಳ ಬಿಟ್ಟುಕೊಂಡ ಕಥೆ

ಬೆಂಗಳೂರಿನಲ್ಲಿ ಒಂದು ಪತಂಗದ ಹೆಸರಿನಲ್ಲಿ ದಿನವೂ ಸಾವಿರಾರು ಜನ ನಿಂತಲ್ಲೇ ನಿಲ್ಲುತ್ತಾರೆ. ಬಿ.ಟಿ.ಎಂ. ಲೇಔಟಿನ ಅಂಚಿನ ಆ ಜಾಗಕ್ಕೆ ಸಿಲ್ಕ್ ಬೋರ್ಡ್ ಎಂದು ಹೆಸರು. 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇರುವುದು ಅಲ್ಲೇ. ರೇಷ್ಮೆಹುಳು ಅಂದರೆ ಬಾಂಬಿಕ್ಸ್ ಮೋರಿ ಎಂಬ ಪತಂಗದ ಮರಿ. ಸಾವಿರಾರು ವರ್ಷ ಮನುಷ್ಯರ ಸಹವಾಸ ಮಾಡಿ ಆ ಪತಂಗ ಹಾರುವುದನ್ನೇ ಮರೆತುಬಿಟ್ಟಿದೆ. ರೆಕ್ಕೆ ಇದೆ, ಪಟಪಟ ಬಡಿಯುತ್ತದೆ, ಇದ್ದಲ್ಲೇ ಇರುತ್ತದೆ. ಎಂಜಿನ್ ಆನ್ ಮಾಡಿಕೊಂಡು ಆ ಜಂಕ್ಷನ್ನಿನಲ್ಲಿ ನಿಂತವರಿಗೆ ಇದಕ್ಕಿಂತ ಒಪ್ಪುವ ಕುಲದೇವತೆ ಸಿಗಲಾರದು.

ಇಷ್ಟನ್ನೆಲ್ಲ ನಾನು ಇವರಿಗೆ ಹೇಳಿದ್ದು ಒಂದು ಪೀಠಿಕೆಯಾಗಿ. ‘ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವಾಗ ಒಂದು ಹುಳದ ಹೆಸರಲ್ಲಿ ಇಷ್ಟು ವರ್ಷ ನಿಂತಿದ್ದೀರಲ್ಲ, ಇನ್ನೊಂದು ಹುಳಕ್ಕಾಗಿ ನಮ್ಮ ಟೆರೇಸಿನ ಮೇಲೆ ಒಂದು ಗಂಟೆ ನಿಂತರೆ ಏನು ಕಷ್ಟ?’

‘ಅಲ್ಲಿ ನಿಲ್ಲೋಕೆ ನಂಗೆ ಸಂಬಳ ಕೊಡ್ತಿದ್ರು ಕಣೇ’ ಅಂದರು ಇವರು. ಈಗ ಹಳದಿ ಮಾರ್ಗದ ಮೆಟ್ರೊ ಬಂದು ಆ ಜಂಕ್ಷನ್ನಿನ ತಲೆಯ ಮೇಲೆಯೇ ಓಡಾಡುವ ಗತ್ತು ಬೇರೆ.

ಚಿಟ್ಟೆ ನೋಡುವವರಿಗೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಅವರಿಗೆ ಬೆಳಗಿನ ಬಿಸಿಲು, ಟೋಪಿ, ದೊಡ್ಡ ಕ್ಯಾಮೆರಾ. ಬನ್ನೇರುಘಟ್ಟದಲ್ಲಿ 2006ರಿಂದ ಚಿಟ್ಟೆಗಳಿಗಾಗಿಯೇ ಒಂದು ಉದ್ಯಾನ. ಪತಂಗ ನೋಡುವವರಿಗೆ ನಡುರಾತ್ರಿ, ನೈಟಿ, ಹವಾಯಿ ಚಪ್ಪಲಿ ಮತ್ತು ಬ್ಯಾಟರಿ ಮುಗಿಯುತ್ತ ಬಂದ ಟಾರ್ಚು. ಆದರೆ ಲೆಕ್ಕ ನೋಡಿ: ಭಾರತದಲ್ಲಿ ಚಿಟ್ಟೆಯ ಪ್ರಭೇದಗಳು 1,300ಕ್ಕೆ ಸ್ವಲ್ಪ ಮೇಲೆ, ಪತಂಗದವು 10,000 ದಾಟುತ್ತವೆ. ಚಿಟ್ಟೆಯವರ ಕೆಲಸ ಒಂದಲ್ಲ ಒಂದು ದಿನ ಮುಗಿದೀತು. ನಿವೃತ್ತಿಗೆ ಹತ್ತಿರವಾದ ಬ್ಯಾಂಕಿನವಳಿಗೆ ಮುಗಿಯದ ಕೆಲಸಕ್ಕಿಂತ ಒಳ್ಳೆಯ ಪೆನ್ಷನ್ ಯಾವುದಿದೆ?

ಹುಚ್ಚು ಹಿಡಿದದ್ದು ಬಚ್ಚಲುಮನೆಯಲ್ಲಿ. ಮೊದಲ ಮಳೆ ಬಿದ್ದ ರಾತ್ರಿಯ ಮಾರನೆಯ ಬೆಳಿಗ್ಗೆ, ಗೀಸರಿನ ಪಕ್ಕದ ಟೈಲ್ಸಿನ ಮೇಲೆ ಹಸಿರು, ಗುಲಾಬಿ, ಬಿಳಿ ಗೆರೆಗಳ ಒಂದು ಜೀವ ರೆಕ್ಕೆ ಚಾಚಿಕೊಂಡು ಕೂತಿತ್ತು. ಅದಕ್ಕೆ ನೀರು ಸಿಡಿಯಬಾರದೆಂದು ನಾನು ಸ್ನಾನ ಬಿಟ್ಟು ಫೋಟೋ ತೆಗೆದೆ. ಮಗನ ಫೋನಿನಲ್ಲಿ ಹುಡುಕಿ ‘ಡಾಫ್ನಿಸ್ ನೀರೈ!’ ಎಂದು ಕೂಗುತ್ತ ಹೊರಗೆ ಬಂದಾಗ ಅತ್ತೆ ಹೂಬುಟ್ಟಿ ಹಿಡಿದುಕೊಂಡು ನಿಂತಿದ್ದರು. ಬಂದು, ಇಣುಕಿ, ‘ಓ ಇದಾ? ನನ್ನ ನಂದಿಬಟ್ಟಲನ್ನ ಬೋಳಿಸಿದ್ದು ಇದರ ಮರೀನೇ. ಹಸಿರು ಹುಳ, ಕತ್ತಿನ ಹತ್ರ ನೀಲಿ ಕಣ್ಣು. ಕಣಗಿಲೆ ಇದ್ದಾಗ ಅದನ್ನೂ ತಿಂತಿತ್ತು’ ಅಂದರು. ಪುಸ್ತಕ ತೆಗೆದು ನೋಡಿದರೆ ಒಂದಕ್ಷರ ಬಿಡದೆ ಅದೇ ಬರೆದಿದೆ: ಮರಿಗೆ ಆಹಾರ ಕಣಗಿಲೆ, ನಂದಿಬಟ್ಟಲು. ನಾನು ಹೊಸದಾಗಿ ಕಂಡುಹಿಡಿದ ಪ್ರಾಣಿಯ ಮೇಲೆ ಅತ್ತೆಗೆ ಎಷ್ಟೋ ವರ್ಷದಿಂದ ದ್ವೇಷವಿತ್ತು ಎಂದು ತಿಳಿದದ್ದು ಆಗಲೇ.

ಬೆಳದಿಂಗಳ ರಾತ್ರಿ ನಮ್ಮ ಬಲ್ಬಿಗೆ ಬರುವ ಪತಂಗಗಳು ಕಡಿಮೆ. ಆದ್ದರಿಂದ ಈ ಹವ್ಯಾಸದವರಿಗೆ ಪ್ರಶಸ್ತ ಮುಹೂರ್ತ ಎಂದರೆ ಅಮಾವಾಸ್ಯೆ. ಸಂಜೆ ಒಂದು ಮಳೆ ಬಿದ್ದು, ಗಾಳಿ ನಿಂತು, ಸೆಕೆ ಹಿಡಿದರೆ ಇನ್ನೂ ಶ್ರೇಷ್ಠ. ಬೇಕಾದ ಸಾಮಗ್ರಿ: ಬಟ್ಟೆ ಒಣಹಾಕುವ ಹಗ್ಗ, ಕ್ಲಿಪ್ಪು, ಬಿಳಿ ಬೆಡ್‌ಶೀಟು, ನೇರಳೆ ಬೆಳಕಿನ ಅಲ್ಟ್ರಾವಯಲೆಟ್ ಬಲ್ಬು.

ಈಗ ಇದನ್ನು ನಮ್ಮ ಬೀದಿಯವರ ಕಡೆಯಿಂದ ನೋಡಿ. ಅಮಾವಾಸ್ಯೆ. ರಾತ್ರಿ ಹನ್ನೊಂದು. ರಾಗಿಗುಡ್ಡದ ಹಿಂದಿನ ಒಂದು ಮನೆಯ ಟೆರೇಸು. ನೇತುಹಾಕಿದ ಬಿಳಿ ಬಟ್ಟೆ, ಅದರ ಹಿಂದಿನಿಂದ ನೇರಳೆ ಬೆಳಕು. ಮುಂದೆ ಕೂದಲು ಕೆದರಿಕೊಂಡ ಹೆಂಗಸೊಬ್ಬಳು ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ, ‘ಸ್ಪೋಡಾಪ್ಟೆರಾ ಲಿಟುರಾ... ಅಸೋಟಾ ಕ್ಯಾರಿಕೆ... ಹಿಪ್ಪೋಟಿಯಾನ್ ಸೆಲೆರಿಯೋ’ ಎಂದು ಗೊಣಗುತ್ತ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಾಳೆ.

ಮರುದಿನ ಎದುರುಮನೆಯವರು ಗೇಟಿಗೆ ಬೂದುಗುಂಬಳ ಒಡೆದರು. ಪಕ್ಕದ ಪಿ.ಜಿ. ಹುಡುಗರು ತಮ್ಮ ಟೆರೇಸಿನಲ್ಲಿ ಚಾಪೆ ಹಾಸಿಕೊಂಡು ‘ಯಾವ ಪಿಕ್ಚರ್ ಆಂಟಿ?’ ಎಂದು ಕೇಳಿ, ಹುಳ ಎಂದು ಗೊತ್ತಾದಾಗ ನಿರಾಶರಾಗಿ ಚಾಪೆ ಸುತ್ತಿಕೊಂಡು ಹೋದರು. ಪಾರ್ಕಿನಲ್ಲಿ ವಾಕಿಂಗಿಗೆ ಸಿಕ್ಕ ಹಿರಿಯರೊಬ್ಬರು ಇವರ ಕೈ ಹಿಡಿದುಕೊಂಡು, ‘ಮನೇಲಿ ಎಲ್ಲಾ ಕ್ಷೇಮ ತಾನೆ?’ ಎಂದು ವಿಚಾರಿಸಿದರಂತೆ. ಇವರು ಸತ್ಯಸಂಧರು. ‘ಏನಿಲ್ಲ ಸಾರ್, ರಾತ್ರಿ ಹುಳ ನೋಡ್ತಾಳೆ ಅಷ್ಟೆ’ ಎಂದಿದ್ದಾರೆ. ಅವರು ಇನ್ನೂ ಗಾಬರಿಯಾಗಿ ಬನಶಂಕರಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿಸಲು ಸಲಹೆ ಕೊಟ್ಟರು. ಅತ್ತೆಯ ಒತ್ತಾಯಕ್ಕೆ ಹೋದೆ, ಹಚ್ಚಿದೆ. ಸುತ್ತು ಬರುವಾಗ ಗೋಡೆಯ ಮೂಲೆಯಲ್ಲಿ, ಹಿಂದಿನ ರಾತ್ರಿಯ ಟ್ಯೂಬ್‌ಲೈಟಿಗೆ ಬಂದು ಉಳಿದುಕೊಂಡಿದ್ದ ಕಂದುಬಣ್ಣದ ಒಂದು ಪತಂಗ ಕಂಡಿತು. ಪ್ರದಕ್ಷಿಣೆ ಅಲ್ಲಿಗೇ ನಿಂತಿತು. ಹಿಂದಿದ್ದ ಭಕ್ತರ ಸಾಲೂ ನಿಂತಿತು.

ಪತಂಗ ದೀಪಕ್ಕೆ ಯಾಕೆ ಬರುತ್ತದೆ ಎಂಬುದಕ್ಕೆ ಕವಿಗಳು ಪ್ರೇಮವೇ ಕಾರಣವೆಂದು ಬಹಳ ಕಾಲ ನಂಬಿಸಿದ್ದರು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತಿತರ ಕಡೆಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದ ಪ್ರಕಾರ ಪ್ರೇಮವೂ ಇಲ್ಲ, ಆತ್ಮಾಹುತಿಯೂ ಇಲ್ಲ. ಹಾರುವ ಹುಳ ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತದೆ. ಕೋಟ್ಯಂತರ ವರ್ಷ ಅದಕ್ಕೆ ರಾತ್ರಿಯ ಬೆಳಕು ಎಂದರೆ ಆಕಾಶ, ಆಕಾಶ ಇದ್ದ ಕಡೆ ಮೇಲೆ. ಬಲ್ಬಿನ ಹತ್ತಿರ ಬಂದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅಂದಾಜು ತಪ್ಪಿ, ಬೆನ್ನು ತಿರುಗಿಸುತ್ತ ತಿರುಗಿಸುತ್ತ ಅಲ್ಲೇ ಗಿರಕಿ ಹೊಡೆಯುತ್ತದೆ. ಇದನ್ನು ಊಟದ ಹೊತ್ತಿಗೆ ವಿವರಿಸಿದೆ.

‘ಬೆನ್ನು ಹಾಕ್ಕೊಂಡು ಅಲ್ಲೇ ಸುತ್ತುತಾ ಇರೋದು ತಾನೆ?’ ಎಂದರು ಇವರು, ಮಜ್ಜಿಗೆ ಕಲಸುತ್ತ. ‘ಮದುವೆ ಆದಾಗಿಂದ ಅದನ್ನೇ ಮಾಡ್ತಿದೀನಿ. ಯಾವ ಕಾಲೇಜಿನೋರೂ ಬಂದು ಫೋಟೋ ಹಿಡೀಲಿಲ್ಲ.’

ಬೆಡ್‌ಶೀಟಿನ ಸುದ್ದಿ ನಮಗಿಂತ ಮೊದಲು ತಲುಪುವುದು ಹಲ್ಲಿಗಳಿಗೆ. ಒಂದು ರಾತ್ರಿ ಕೆಂಪುಕಂದು ರೆಕ್ಕೆಯದೊಂದನ್ನು ನೋಡಿ, ‘ಇದು ಎರೆಬಿಡೇ ಕುಟುಂಬದ್ದೇ’ ಎಂದು ಘೋಷಿಸಿದೆ. ನೀರಿನ ಟ್ಯಾಂಕಿನ ಕಡೆಯಿಂದ ಹಲ್ಲಿ ಲೊಚಗುಟ್ಟಿತು. ‘ನೋಡಮ್ಮ, ನಿಜವಂತೆ’ ಅಂದರು ಅತ್ತೆ, ನೆಲ ತಟ್ಟಿ. ಪರಿಣತರ ಒಪ್ಪಿಗೆ ಇಷ್ಟು ಬೇಗ ಸಿಕ್ಕಿದ್ದು ಅದೇ ಮೊದಲು. ಕ್ಯಾಮೆರಾ ಫೋಕಸ್ ಮಾಡುವಷ್ಟರಲ್ಲಿ ಆ ಪರಿಣತರೇ ಬಂದು ಪತಂಗವನ್ನು ನುಂಗಿ ಹೋದರು. ದಾಖಲೆಗೆ ಉಳಿದದ್ದು ಒಂದು ರೆಕ್ಕೆ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟೆ. ಬೆಳಿಗ್ಗೆ ದೇವರ ದೀಪ ಹಚ್ಚಲು ಅತ್ತೆ ಆ ಪೊಟ್ಟಣವನ್ನೇ ತೆಗೆದರು.

ಬೆಳಕಿಗೆ ಬರದ ಪತಂಗಗಳಿಗೆ ಬೇರೆ ಉಪಾಯ ಉಂಟು. ಕೊಳೆತ ಹಣ್ಣು, ಬೆಲ್ಲ, ಒಂದಿಷ್ಟು ಮದ್ಯ ಕಲಸಿ ಮುಸ್ಸಂಜೆಗೆ ಮರದ ಕಾಂಡಕ್ಕೆ ಬಳಿಯುವುದು. ಇಂಗ್ಲೆಂಡಿನವರು ವಿಕ್ಟೋರಿಯಾ ರಾಣಿಯ ಕಾಲದಿಂದಲೂ ಇದಕ್ಕೆ ರಮ್ ಸುರಿದುಕೊಂಡು ಬಂದಿದ್ದಾರೆ. ನಮ್ಮ ಮನೆಯಲ್ಲಿ ಪೂಜೆಯ ಏಲಕ್ಕಿಬಾಳೆ ಕೊಳೆಯುವುದಕ್ಕೆ ಎಂದೂ ಕೊರತೆಯಿಲ್ಲ. ಬೆಲ್ಲವೂ ಇದೆ. ಮೂರನೆಯದು ಇಲ್ಲ. ಇವರು ಜೀವಮಾನದಲ್ಲಿ ಕಾಫಿಗಿಂತ ಮೇಲಕ್ಕೆ ಹೋದವರಲ್ಲ. ಜೆ.ಪಿ. ನಗರದಲ್ಲಿ ಗುರುತಿನವರು ಸಿಗುತ್ತಾರೆಂದು ಬನಶಂಕರಿ ಎರಡನೇ ಹಂತಕ್ಕೆ ಹೋಗಿ, ಅಂಗಡಿ ಮುಂದೆ ಹೆಲ್ಮೆಟ್ ತೆಗೆಯದೆ ನಿಂತು ಫೋನ್ ಮಾಡಿದರು.

‘ಸ್ಟ್ರಾಂಗಾ ಲೈಟಾ ಅಂತ ಕೇಳ್ತಿದಾನೆ. ಪತಂಗಕ್ಕೆ ಯಾವುದು ಹಿಡಿಸುತ್ತೆ?’

‘ಯಾವುದಾದರೂ ಆಗುತ್ತೆ ಅನ್ನಿ.’

‘ಹಾಗಂದ್ರೆ ಅಭ್ಯಾಸ ಇರೋನು ಅಂದ್ಕೋತಾನೆ ಕಣೇ!’

ದಿನಪತ್ರಿಕೆಯಲ್ಲಿ ಸುತ್ತಿದ ಬಾಟಲಿಯನ್ನು ಎದೆಗವಚಿಕೊಂಡು ಬಂದು ಗೇಟು ತೆಗೆಯುವಾಗ ಎದುರಾದದ್ದು ಯಾರು? ನಿಂಬೆಹಣ್ಣಿನ ದೀಪದ ಅದೇ ಹಿರಿಯರು. ಏನೂ ಅನ್ನಲಿಲ್ಲ. ಇವರ ಭುಜ ತಟ್ಟಿದರಂತೆ, ಇಂಥ ಹೆಂಡತಿ ಇದ್ದರೆ ಯಾರಾದರೂ ಕುಡಿಯಲೇಬೇಕು ಎನ್ನುವ ಹಾಗೆ.

ಅಡುಗೆಮನೆಗೆ ಬಾಟಲಿ ಬರಕೂಡದೆಂದು ಅಪ್ಪಣೆಯಾಗಿ ಗ್ಯಾರೇಜಿನಲ್ಲೇ ಪಾಕ ತಯಾರಾಯಿತು. ಮನೆಮುಂದಿನ ಹೊಂಗೆಮರಕ್ಕೆ ಬಳಿದೆ. ಮೊದಲು ಬಂದದ್ದು ಇರುವೆ. ಆಮೇಲೆ ಬೀದಿನಾಯಿ. ಅದು ಕೈಗೆಟುಕಿದಷ್ಟನ್ನು ನೆಕ್ಕಿ, ಎಂದೂ ಬೊಗಳದ ಹಾಲಿನವನ ಮೇಲೆ ಬೊಗಳಿ, ಯಾರದೋ ಕಾರಿನಡಿ ಮಲಗಿತು. ರಾತ್ರಿ ಹತ್ತರ ಮೇಲೆ ಟಾರ್ಚು ಬಿಟ್ಟರೆ ಕಾಂಡದ ಮೇಲೆ ಎರಡು ಕೆಂಪು ಕಣ್ಣು! ಯುಡೋಸಿಮಾ ಮೆಟರ್ನಾ. ಮೇಲಿನ ರೆಕ್ಕೆ ಒಣಗಿದ ಎಲೆಯ ಬಣ್ಣ, ಸರಿಸಿದರೆ ಒಳಗೆ ಕಿತ್ತಳೆ, ಅದರ ಮೇಲೆ ಕಪ್ಪು ಚುಕ್ಕೆ. ಕಿತ್ತಳೆ, ದಾಳಿಂಬೆಗಳಿಗೆ ಸೊಂಡಿಲು ಚುಚ್ಚಿ ರಸ ಹೀರುವ ಕಳ್ಳ ಇದು. ಸೊಂಡಿಲ ತುದಿ ಸಿಪ್ಪೆ ಕೊರೆಯುವಷ್ಟು ಗಟ್ಟಿ. ಆದರೆ ಇದರ ಮರಿ ಹಣ್ಣು ಮುಟ್ಟುವುದಿಲ್ಲ, ಅಮೃತಬಳ್ಳಿಯ ಎಲೆ ತಿಂದು ಬೆಳೆಯುತ್ತದೆ. 2020ರಲ್ಲಿ ಕೊರೋನಾ ಕಷಾಯಕ್ಕೆಂದು ಅತ್ತೆ ನೆಟ್ಟ ಅಮೃತಬಳ್ಳಿ ಈಗ ಎರಡನೇ ಮಹಡಿ ಮುಟ್ಟಿದೆ. ಎಲೆಗಳಲ್ಲಿ ತೂತು ಏಕೆಂದು ಅವರು ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದರು.

‘ಅಂದ್ರೆ ನನ್ನ ಕಷಾಯದ ಬಳ್ಳಿ ತಿಂದು ಬೆಳೆದು, ದೊಡ್ಡದಾದ ಮೇಲೆ ನಿಮ್ಮ ಬಿಯರ್ ಕುಡಿಯೋಕೆ ಬಂತು’ ಎಂದು ಅತ್ತೆ ಕಾಲೇಜಿಗೆ ಹೋಗುವ ಮೊಮ್ಮಗನ ಕಡೆ ನೋಡಿದರು. ಅವನು ಎದ್ದು ಒಳಗೆ ಹೋದ.

ಬ್ರಿಟಿಷ್ ಇಂಡಿಯಾದ ಪತಂಗಗಳ ಬಗ್ಗೆ ನಾಲ್ಕು ದಪ್ಪ ಸಂಪುಟ ಬರೆದವರು ಜಾರ್ಜ್ ಹ್ಯಾಂಪ್ಸನ್. 1892ರಿಂದ 1896ರವರೆಗೆ ಅವು ಹೊರಬಂದವು. ಮನುಷ್ಯ ನೀಲಗಿರಿಗೆ ಬಂದದ್ದು ಟೀ ತೋಟ ಮಾಡುವುದಕ್ಕೆ. ಹುಳ ಹತ್ತಿಕೊಂಡು ಲಂಡನ್ನಿನ ಮ್ಯೂಸಿಯಮ್ಮು ಸೇರಿದರು. ಇದನ್ನು ನಾನು ಸ್ಫೂರ್ತಿಯ ಕಥೆಯಾಗಿ ಹೇಳುತ್ತೇನೆ. ಇವರಿಗೆ ಅದರಲ್ಲಿ ಕಾಣುವುದು ‘ಅವನಿಗೆ ಬಿಡೋಕೆ ಟೀ ತೋಟ ಇತ್ತು, ನಮಗಿರೋದು ಮನೆಸಾಲ’ ಎಂಬ ಅಂಶ ಮಾತ್ರ.

ನೀಲಗಿರಿಯ ಮಾತು ಬಿಡಿ, ನಮ್ಮ ಅಡುಗೆಮನೆಗೇ ಒಂದು ಸಂಪುಟ ಬೇಕು. ಉಪ್ಪಿಟ್ಟಿಗೆಂದು ರವೆ ಡಬ್ಬಿ ತೆಗೆದಾಗ ರವೆ ಉಂಡೆಯುಂಡೆಯಾಗಿ ನೂಲಿನಲ್ಲಿ ಕಟ್ಟಿಕೊಂಡಿತ್ತು. ಒಳಗಿಂದ ಬೂದುಬಣ್ಣದ್ದೊಂದು ಎದ್ದು ಚಿಮಣಿಯ ಮೇಲೆ ಕೂತಿತು. ಇಂಥ ಹೊತ್ತಿನಲ್ಲಿ ಗೃಹಿಣಿಯಾದವಳು ಯಾರೂ ನೋಡದ ಹಾಗೆ ಮುಚ್ಚಳ ಹಾಕಬೇಕು. ನಾನು ಎಲ್ಲರನ್ನೂ ಕೂಗಿ ಕರೆದೆ. ಕಾರ್ಸೈರಾ ಸೆಫಲೋನಿಕಾ, ಅಕ್ಕಿ ಪತಂಗ! ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ವಿಜ್ಞಾನಿಗಳು ಇದನ್ನು ಬೇಕೆಂದೇ ಸಾಕುತ್ತಾರೆ. ಇದರ ಮೊಟ್ಟೆಯೊಳಗೆ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜ ತನ್ನ ಮೊಟ್ಟೆ ಇಡುತ್ತದೆ. ಹಾಗೆ ಬೆಳೆಸಿದ ಕಣಜವನ್ನು ಹೊಲಕ್ಕೆ ಬಿಟ್ಟರೆ ಬೆಳೆ ತಿನ್ನುವ ಪತಂಗಗಳ ಮೊಟ್ಟೆಗಳನ್ನು ಮುಗಿಸುತ್ತದೆ.

‘ಸರ್ಕಾರ ಸಂಬಳ ಕೊಟ್ಟು ಸಾಕಿಸೋದನ್ನ ನೀನು ಬಿಟ್ಟಿ ಸಾಕಿದೀಯ’ ಎಂದ ಅತ್ತೆ, ಗೋಡೆಯ ಕ್ಯಾಲೆಂಡರಿಗೆ ದಾರದಲ್ಲಿ ಕಟ್ಟಿದ ಪೆನ್ಸಿಲ್ ತೆಗೆದು ಆ ದಿನದ ಚೌಕದಲ್ಲಿ ‘ರ.ಹು.’ ಎಂದು ಬರೆದರು. ದಿನಸಿ ಅಂಗಡಿಯವರು ಕೊಟ್ಟ ಆ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನ, ಗ್ಯಾಸ್ ಹಚ್ಚಿದ ದಿನ ಎಲ್ಲ ಬರೆಯುವುದು ಅವರ ಪದ್ಧತಿ. ರ.ಹು. ಅಂದರೆ ರಾಹುವಿಗೆ ಸಂಬಂಧಿಸಿದ್ದು ಎಂದು ನಾನು ಇಷ್ಟು ಕಾಲ ಕೈ ಮುಗಿಯುತ್ತಿದ್ದೆ. ರವೆ ಹುಳವಂತೆ. ಆಮೇಲೆ ರವೆಯನ್ನು ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಹುರಿದು, ನಾಲ್ಕು ಒಣಮೆಣಸಿನಕಾಯಿ ಸೇರಿಸಿ ಡಬ್ಬಿಗೆ ತುಂಬಿದ್ದೂ ಅವರೇ. ನಾನು ಆಗ ಚಿಮಣಿಯ ಮೇಲಿದ್ದುದರ ಹೊಟ್ಟೆಯ ಫೋಟೋಕ್ಕಾಗಿ ಸ್ಟೂಲಿನ ಮೇಲಿದ್ದೆ.

ಆಷಾಢ ಬಂದರೆ ನನಗೆ ಇನ್ನೊಂದು ಸಂಕಟ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಪತಂಗ ಸಪ್ತಾಹ ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಅದು ಬೀಳುವುದು ಜುಲೈ ಕೊನೆಯ ವಾರ. ದಿನ ಗೊತ್ತುಮಾಡಿದವರಿಗೆ ಬೆಂಗಳೂರಿನ ಆ ಹೊತ್ತಿನ ಗಾಳಿಯ ಪರಿಚಯವಿರಲಿಲ್ಲ. ಮಕ್ಕಳು ಗಾಳಿಪಟ ಹಾರಿಸುವ ಕಾಲದಲ್ಲಿ ನಾನು ಡಬಲ್ ಕಾಟ್ ಬೆಡ್‌ಶೀಟು ಹಾರಿಸಿದೆ. ಅದು ಕ್ಲಿಪ್ಪು ಕಿತ್ತುಕೊಂಡು ಪಿ.ಜಿ. ಟೆರೇಸಿನ ಮೇಲೆ, ಫೋನಿನಲ್ಲಿ ಪಿಸುಗುಡುತ್ತಿದ್ದ ಹುಡುಗನ ತಲೆಯ ಮೇಲೆ ಹೋಗಿ ಬಿತ್ತು. ಅವನ ಕೂಗಿಗೆ ಎದುರುಮನೆಯವರ ಲೈಟುಗಳು ಹತ್ತಿದವು. ಮರುದಿನ ಇನ್ನೊಂದು ಬೂದುಗುಂಬಳ.

ಅದೇ ವಾರ ಶಿರಸಿ ಕಡೆಯ ನೆಂಟರಿಂದ ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ: ಅಟ್ಲಾಸ್ ಪತಂಗ. ಅಂಗೈ ಮೀರಿದ ಗಾತ್ರ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆ. ‘ಕೊಟ್ಟಿಗೆ ಲೈಟಿಗೆ ಬಂದಿತ್ತು, ಅಂಥದ್ದೇನಲ್ಲ’ ಎಂಬ ಒಕ್ಕಣೆ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಅಪರೂಪದ ಚಿಟ್ಟೆ ಪತ್ತೆ’ ಎಂದು ಬರುವುದು ಇದೇ. ಅದು ಚಿಟ್ಟೆಯೂ ಅಲ್ಲ, ಮಲೆನಾಡಿನಲ್ಲಿ ಅಷ್ಟೇನೂ ಅಪರೂಪವೂ ಅಲ್ಲ. ಜೆ.ಪಿ. ನಗರದಲ್ಲಿ ಬಲ್ಬು ಹಿಡಿದು ಕಾದವಳಿಗೆ ಮಾತ್ರ ಅಪರೂಪ. ಹೊಟ್ಟೆಯುರಿ ಅಡಗಿಸಿಕೊಂಡು ಅತ್ತೆಗೆ ತೋರಿಸಿದೆ. ‘ಇದಕ್ಕೆ ತಿನ್ನೋಕೆ ಬಾಯೇ ಇಲ್ಲ ಅಮ್ಮ. ಮರಿಯಾಗಿದ್ದಾಗ ತಿಂದಿದ್ದರಲ್ಲೇ ಒಂದು ವಾರ ಬದುಕಿ ಮೊಟ್ಟೆ ಇಟ್ಟು ಹೋಗುತ್ತೆ.’

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ‘ಬಾಯಿಲ್ಲ ಅಂತೀಯ. ಯಾವ ಪುಣ್ಯವಂತ ಅತ್ತೆ ಮನೆಗೆ ಹೋಗುತ್ತೋ.’

ಪಕ್ಕದ ನುಗ್ಗೆಮರದ ಕಂಬಳಿಹುಳದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ, ಇನ್ನೂ ತುರಿಸುತ್ತದೆ. ಯುಪ್ಟೆರೋಟೆ ಮೊಲ್ಲಿಫೆರಾ ಎಂಬ ಪತಂಗದ ಮರಿಗಳು ಹಗಲು ಕಾಂಡದ ಮೇಲೆ ಗುಂಪುಗಟ್ಟಿ ಕೂರುತ್ತವೆ. ಮರದ ಯಜಮಾನರು ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆ ಪಂಜು ಮಾಡಿಕೊಂಡು ಬಂದರು. ನಾನು ನಡುವೆ ನಿಂತು ಜೀವವೈವಿಧ್ಯದ ಬಗ್ಗೆ ಮಾತಾಡಿದೆ. ಮಾತಾಡುತ್ತ ಒರಗಿಕೊಂಡದ್ದು ಅದೇ ಕಾಂಡಕ್ಕೆ.

ಡಿಸೆಂಬರಿನ ಚಳಿಗೆ ಬೆಡ್‌ಶೀಟು ಬರೀ ಬೆಡ್‌ಶೀಟಾಗಿಯೇ ಉಳಿಯುತ್ತದೆ. ಅಮಾವಾಸ್ಯೆಗೂ ಒಂದೆರಡು ನುಸಿಯಂಥವು ಬಂದರೆ ಹೆಚ್ಚು. ಆಗ ನನ್ನ ಪಾಲಿನ ಪತಂಗಗಳು ಅವರೆಕಾಯಿಯೊಳಗೆ ಇರುತ್ತವೆ. ಅವರೆಬೇಳೆ ಮೇಳದ ಹೆಸರಿನಲ್ಲಿ ಊರೆಲ್ಲ ಸೇರುವಷ್ಟು ಈ ಕಾಯಿಗೆ ಗಿರಾಕಿ ಇರುವಾಗ ಹುಳಕ್ಕೇಕೆ ಇರಬಾರದು? ಅಡಿಸುರಾ ಅಟ್ಕಿನ್ಸೋನಿ ಎಂಬುದು ಅವರೆಗೆ ಕುಖ್ಯಾತ. ಕಾಯಿ ಸುಲಿಯುವಾಗ ಕೈಗೆ ತಣ್ಣಗೆ ತಾಗುವ ಹಸಿರು ಹುಳ ಬಹಳ ಸಲ ಇದೇ. ಹಾಲ್‌ನಲ್ಲಿ ಪೇಪರ್ ಹಾಸಿ, ಟಿ.ವಿ. ಹಾಕಿ ಮೂವರೂ ಸುಲಿಯುತ್ತೇವೆ. ಕಾಳು ಒಂದು ಪಾತ್ರೆಗೆ, ಸಿಪ್ಪೆ ಒಂದು ಕಡೆಗೆ, ಹುಳ ನನ್ನ ಡಬ್ಬಿಗೆ. ಒಂದು ಸಂಜೆ ಧಾರಾವಾಹಿಯ ಅತ್ತೆ ಸೊಸೆಯ ಕೆನ್ನೆಗೆ ಹೊಡೆಯುವ ಘಳಿಗೆಯಲ್ಲಿ ಇವರ ಕೈ ಡಬ್ಬಿ ತಪ್ಪಿ ಪಾತ್ರೆಗೆ ಹೋಯಿತು. ಹಿತಕಿದ ಬೇಳೆ ಸಾರು ಆ ದಿನ ಚೆನ್ನಾಗಿಯೇ ಇತ್ತು. ಇದನ್ನು ಇವರಿಗೆ ಈ ಲೇಖನದ ಮೂಲಕವೇ ತಿಳಿಸುತ್ತಿದ್ದೇನೆ.

ಈ ವರ್ಷ ಅವರೆಯ ಹೊತ್ತಿಗೆ ನನ್ನ ಪಟ್ಟಿ ಒಂದು ಹದಕ್ಕೆ ಬಂದಿತ್ತು. ಋತುವಿಗೆ ತಕ್ಕಂತೆ ಯಾವುದು ಯಾವಾಗ ಎಂದು ಬರೆದು ಹೆಮ್ಮೆಯಿಂದ ಅತ್ತೆಗೆ ಓದಿ ಹೇಳಿದೆ. ಅವರು ಕೇಳಿಕೊಂಡು, ಕಾಳು ಸುಲಿಯುತ್ತಲೇ, ‘ಮಂಚದ ಕೆಳಗಿನ ಟ್ರಂಕು ತೆಗಿ’ ಅಂದರು. ತೆಗೆದರೆ ತಳದಲ್ಲಿ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರುಗಳು. ಮೇಲೆ ಸತ್ಯನಾರಾಯಣ, ಲಕ್ಷ್ಮಿ, ರಾಘವೇಂದ್ರ ಸ್ವಾಮಿಗಳು; ಕೆಳಗೆ ಪೆನ್ಸಿಲಿನ ಅಕ್ಷರ. ನಂ.ಬೋ. ಅಂದರೆ ನಂದಿಬಟ್ಟಲು ಬೋಳು. ನು.ಕಂ. ಅಂದರೆ ನುಗ್ಗೆಗೆ ಕಂಬಳಿಹುಳ. ಅ.ಕಾ.ಹು., ರ.ಹು. ಎಲ್ಲ ಇವೆ. ಯಾವ ಮಳೆ ಬಿದ್ದ ಎಷ್ಟನೆಯ ದಿನಕ್ಕೆ ಎಂಬುದೂ ಇದೆ, ಮಳೆನಕ್ಷತ್ರವನ್ನು ಕ್ಯಾಲೆಂಡರಿನವರೇ ಅಚ್ಚು ಹಾಕಿರುತ್ತಾರಲ್ಲ. ನಾನು ಬಲ್ಬು, ಬಿಯರು, ಬೆಡ್‌ಶೀಟು ಖರ್ಚು ಮಾಡಿ ಕೂಡಿಸಿದ್ದನ್ನು ಅವರು ಒಂದು ಪೆನ್ಸಿಲಿನಲ್ಲಿ ಮುಗಿಸಿದ್ದರು.

ಹುಡುಕುತ್ತ ಹೋದಾಗ ನಮ್ಮ ಮದುವೆಯ ವರ್ಷದ್ದು ಸಿಕ್ಕಿತು. ನಾನು ಈ ಮನೆ ತುಂಬಿದ ದಿನದ ಚೌಕ ಹುಡುಕಿದೆ. ‘ಸೊಸೆ ಬಂದಳು’ ಎಂದಿತ್ತು. ಕಣ್ಣು ತುಂಬಿ ಬರುವುದರಲ್ಲಿತ್ತು, ಅಷ್ಟರಲ್ಲಿ ಅದೇ ಚೌಕದಲ್ಲಿ, ಅದರ ಕೆಳಗೇ, ‘ಅ.ಹು.’ ಕಂಡಿತು.

‘ಅಕ್ಕಿ ಹುಳ’ ಎಂದರು ಅತ್ತೆ. ‘ಹೊಸಿಲಲ್ಲಿ ಇಟ್ಟಿದ್ದ ಸೇರಕ್ಕಿ ಒದ್ದು ಒಳಗೆ ಬಂದೆಯಲ್ಲ, ಅಕ್ಕಿ ಚೆಲ್ಲಿದ ಕೂಡಲೇ ಅದರೊಳಗಿಂದ ಒಂದು ಎದ್ದು ಹಾರಿತು.’

ಕೂಡಲೇ ಪಟ್ಟಿ ತೆಗೆದು ಮೊದಲ ಪುಟದ ನೆತ್ತಿಯ ಮೇಲೆ ಸೇರಿಸಿದೆ: ಕಾರ್ಸೈರಾ ಸೆಫಲೋನಿಕಾ, ಸ್ಥಳ, ಮುಂಬಾಗಿಲ ಹೊಸಿಲು, ಕಂಡವರು, ಅತ್ತೆ. ‘ಒಂದೇ ತಾನೆ ಅಮ್ಮ? ಸಂಖ್ಯೆ ಬರೀಬೇಕು.’

‘ಹಾರಿಹೋಗಿದ್ದು ಒಂದು’ ಅಂದರು ಅತ್ತೆ, ಸಿಪ್ಪೆಯನ್ನು ಮೊರಕ್ಕೆ ತುಂಬುತ್ತ. ‘ಇನ್ನೊಂದು ಇಲ್ಲೇ ಉಳ್ಕೊಂಡಿತು.’